ಬಾಳೆದಿಂಡಿನ ರಸ ತೊಳೆಯದ ಗುಟ್ಟು

ಬ್ಯಾಡರಹಳ್ಳಿಯ ಬೋರಮ್ಮನ ಮನೆಯಲ್ಲಿ ಹಾಡಹಗಲೇ ಗಂಡಸಿನ ದನಿ ಕೇಳಿಸತೊಡಗಿತ್ತು. ಗಂಡ ರಾಮಯ್ಯ ಬೆಳಗ್ಗೆಯೇ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿದ್ದವರು ಬೋರಮ್ಮ, ಕಾಲೇಜಿನಿಂದ ಬಂದ ಮಗಳು ರಮ್ಯ, ಅಷ್ಟೇ. ಹಾಗಾದರೆ ಬಚ್ಚಲಲ್ಲಿ ಗುನುಗುತ್ತಿರುವವನು ಯಾರು? ಬೋರಮ್ಮ ಅಕ್ಕಿಯ ಮೊರ ಅಲ್ಲೇ ಬಿಟ್ಟು ಬಾಗಿಲು ತಳ್ಳಿದಳು. ಒಳಗೆ ರಮ್ಯ ಒಬ್ಬಳೇ. ಕನ್ನಡಿ ಮುಂದೆ ನಿಂತು ಅಪ್ಪನ ರೇಜರಿನಿಂದ ಗದ್ದ ಬೋಳಿಸಿಕೊಳ್ಳುತ್ತಿದ್ದಳು.

"ಏನಮ್ಮಾ?" ಅಂದಳು. ಗಂಟಲು ಕಟ್ಟಿದೆ ಅಂತ ಇಷ್ಟು ದಿನ ಪಿಸುಗುಟ್ಟುತ್ತಿದ್ದವಳು. ಅಯ್ಯೋ ಶಿವನೇ, ಆ ದನಿ ಅವಳದೇ!

ಹದಿನೇಳರ ಹುಡುಗಿ. ಮೂರು ತಿಂಗಳಿಂದ ಮುಟ್ಟೂ ಆಗಿರಲಿಲ್ಲ. ಬೋರಮ್ಮ ಅಡುಗೆಮನೆಗೆ ಓಡಿದಳು. ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ತಂದು ಮಗಳಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಸುಟ್ಟು ಕರಕಲಾಯಿತು, ಒಂದಿಷ್ಟೂ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಅಂತಲೇ ಅರ್ಥ.

"ಯಾವುದೋ ಗಾಳಿ ಸೋಕೈತೆ ಕಣೇ ನಿಂಗೆ!"

"ಗಾಳಿನೂ ಇಲ್ಲ ಗೀಳಿನೂ ಇಲ್ಲಮ್ಮ. ಜಿಮ್ಮಿನ ಕೋಚ್ ರಾಜೇಂದ್ರಣ್ಣ ಪವರ್ ಮಾತ್ರೆ ಕೊಡ್ತಾ ಇದಾರೆ. ಶಾಟ್‌ಪುಟ್‌ನಲ್ಲಿ ನಾನು ಎಸೆಯೋ ಗುಂಡು ಮೂರಡಿ ಜಾಸ್ತಿ ಹೋಗ್ತಾ ಇದೆ, ಗೊತ್ತಾ? ಭಾನುವಾರ ಸ್ಟೇಟ್ ಟೀಮಿಗೆ ಸೆಲೆಕ್ಷನ್. ಅಲ್ಲಿ ಯೂರಿನ್ ಟೆಸ್ಟ್ ಮಾಡ್ತಾರಂತೆ. ಚೆನ್ನಾಗಿ ನೀರು ಕುಡಿ, ಎಲ್ಲಾ ಕೊಚ್ಕೊಂಡು ಹೋಗುತ್ತೆ ಅಂದ್ರು."

ಅಷ್ಟೇನಾ ಅಂತ ಬೋರಮ್ಮನಿಗೆ ಹೋದ ಜೀವ ಬಂದಂತಾಯಿತು. ರಾಮಯ್ಯನ ಕಿಡ್ನಿ ಕಲ್ಲನ್ನು ಬಾಳೆದಿಂಡಿನ ರಸ ಕುಡಿಸಿಯೇ ಇಳಿಸಿದೆ ಎಂದು ನಂಬಿದ್ದ ಹೆಂಗಸು ಅವಳು. ಕಲ್ಲೇ ಹೋದಮೇಲೆ ಒಂದು ಮಾತ್ರೆ ಯಾವ ಲೆಕ್ಕ? ಮಾತ್ರೆಯ ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಳೆದಿಂಡು ಕೇಳಲು ನೇರ ಎದುರು ಮನೆಗೆ ನಡೆದಳು. ಅಲ್ಲಿ ಅನಂತಲಕ್ಷ್ಮಿಯವರು ಗೊನೆ ಇಳಿಸಿದ ಬಾಳೆಗಿಡ ಕಡಿಯುತ್ತಿದ್ದರು. ಲ್ಯಾಬ್ ಕೆಲಸದಿಂದ ನಿವೃತ್ತರಾದ ಅವರು ಕ್ರೀಡಾಕೂಟಗಳಿಗೆ ಮೂತ್ರದ ಮಾದರಿ ತೆಗೆಯಲು ಹೋಗುತ್ತಿದ್ದರು.

"ದಿಂಡು ಯಾರಿಗೆ ಬೋರಮ್ಮ? ಮತ್ತೆ ರಾಮಯ್ಯನೋರಿಗೆ ಕಲ್ಲಾ?"

"ಕಲ್ಲಲ್ಲ ಅನಂತಮ್ಮೋರೇ. ನಮ್ಮ ರಮ್ಯ ಏನೋ ಮಾತ್ರೆ ತಗೊಂಡವ್ಳೆ. ಭಾನುವಾರದೊಳಗೆ ಉಚ್ಚೇಲಿ ಹೊಂಟೋಗ್ಲಿ ಅಂತ."

ಬೋರಮ್ಮ ಚಾಚಿದ ಮಾತ್ರೆ ಪಟ್ಟಿಯನ್ನು ಅನಂತಲಕ್ಷ್ಮಿ ತಿರುಗಿಸಿ ಓದಿದರು. ಕತ್ತಿ ಕೆಳಗಿಟ್ಟರು.

"ಇದು ಸ್ಟೀರಾಯ್ಡ್ ರೀ. ಗಂಡಸಿನ ಹಾರ್ಮೋನ್ ಥರಾನೇ ಕೆಲಸ ಮಾಡುತ್ತೆ. ಒಳಗೆ ಹೋದಮೇಲೆ ಇದು ಇದ್ದ ಹಾಗೇ ಇರಲ್ಲ. ಲಿವರ್ರು ಬೇರೆ ಬೇರೆ ರೂಪಕ್ಕೆ ತಿರುಗಿಸುತ್ತೆ. ಆ ರೂಪಗಳು ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಮೂತ್ರದಲ್ಲಿ ಬರ್ತಾನೇ ಇರ್ತವೆ. ಲ್ಯಾಬಿನ ಯಂತ್ರ ಹುಡುಕೋದು ಅವನ್ನೇ."

ಬಿಸಿಲಲ್ಲಿ ನಿಂತಿದ್ದರೂ ಬೋರಮ್ಮನ ಮೈ ಜುಮ್ಮೆಂದಿತು. ರೂಪ ಬದಲಿಸಿಕೊಂಡು ಯಾವುದೋ ಒಂದು ಮಗಳ ಮೈಯೊಳಗೆ ಓಡಾಡುತ್ತಿದೆ!

"ಒಂದು ಕೊಡ ರಸ ಕುಡಿಸಿಬಿಟ್ರೆ?"

"ತೀರಾ ನೀರಾಗಿದ್ರೆ ಮತ್ತೆ ಕೊಡಿ ಅಂತಾರೆ. ಸರಿಯಾದ್ದು ಬರೋವರೆಗೂ ಬಿಡಲ್ಲ."

"ನನ್ನದನ್ನೇ ಶೀಶೇಲಿ ಹಾಕ್ಕೊಟ್ರೆ?"

"ಒಬ್ಬ ಹೆಂಗಸು ಎದುರಿಗೇ ನಿಂತು ನೋಡ್ತಿರ್ತಾರೆ ಬೋರಮ್ಮ. ನಾನೇ ಎಷ್ಟೋ ಸಲ ನಿಂತಿದೀನಿ. ಎರಡು ಬಾಟಲಿಗೆ ಹಾಕಿ ಸೀಲ್ ಮಾಡ್ತಾರೆ. ಬೇಕಾದ್ರೆ ಹತ್ತು ವರ್ಷದವರೆಗೂ ಇಟ್ಟು ಮತ್ತೆ ಪರೀಕ್ಷೆ ಮಾಡಬಹುದು."

"ವಿಟಮಿನ್ ಅಂದ್ಕೊಂಡಿದ್ದೆ ಅಂದ್ರೆ?"

ಬೆನ್ನ ಹಿಂದಿನಿಂದ ಬಂದ ದನಿಗೆ ಅನಂತಲಕ್ಷ್ಮಿ ಬೆಚ್ಚಿ ತಿರುಗಿದರು. ಗೇಟಿನ ಹತ್ತಿರ ಗಂಡಸರಾರೂ ಇರಲಿಲ್ಲ. ರಮ್ಯ ನಿಂತಿದ್ದಳು.

ಅನಂತಲಕ್ಷ್ಮಿ ಹತ್ತಿರ ಹೋಗಿ ಅವಳ ಗದ್ದ ಹಿಡಿದು ನೋಡಿದರು. "ಹಾಗಂದ್ರೂ ಸುಮ್ನೆ ಬಿಡಲ್ಲ ಮಗಳೇ. ನಿನ್ನ ಮೈಯಲ್ಲಿ ಸಿಕ್ಕಿದ್ದಕ್ಕೆ ನೀನೇ ಜವಾಬ್ದಾರಿ. ವರ್ಷಗಟ್ಟಲೆ ಆಡೋ ಹಾಗಿರಲ್ಲ. ಟೆಸ್ಟ್ ಮಾತು ಒತ್ತಟ್ಟಿಗಿರಲಿ. ಲಿವರ್ರು, ಹೃದಯ ಎರಡಕ್ಕೂ ಪೆಟ್ಟು ಬೀಳುತ್ತೆ. ಮೊದಲು ಡಾಕ್ಟರ್ ಹತ್ರ ನಡಿ."

"ಭಾನುವಾರ?" ಅಂತ ಕೇಳಿದ್ದು ಬೋರಮ್ಮ. ನಾಲ್ಕು ವರ್ಷ ಬೆಳಗ್ಗೆ ಎದ್ದು ಮಗಳಿಗೆ ಮೊಟ್ಟೆ ಬೇಯಿಸಿಕೊಟ್ಟ ಜೀವ ಅದು, ಆಸೆ ಬಿಡಬೇಕಲ್ಲ!

ರಮ್ಯ ಅಳುತ್ತಿದ್ದಳು. "ನಾನು ಹೋಗಲ್ಲಮ್ಮ. ಕನ್ನಡಿ ನೋಡ್ಕೊಳಕ್ಕೇ ಭಯ ಆಗ್ತಾ ಇದೆ ನಂಗೆ."

ಬೋರಮ್ಮ ಮಗಳನ್ನು ತಬ್ಬಿಕೊಂಡಳು. ದಿಂಡಿನ ಮಾತು ಮತ್ತೆ ಎತ್ತಲಿಲ್ಲ.

ವಿಜಯನಗರದ ಡಾಕ್ಟರು ಎಲ್ಲ ಕೇಳಿ, ರಕ್ತ ಪರೀಕ್ಷೆ ಬರೆದುಕೊಟ್ಟರು. ಮಾತ್ರೆ ನಿಲ್ಲಿಸಿದರೆ ಮುಟ್ಟು ಸರಿಹೋಗಬಹುದು, ಆದರೆ ದನಿ ಮೊದಲಿನಂತೆ ಆಗುತ್ತದೆಂದು ಮಾತು ಕೊಡಲಾರೆ ಎಂದರು. ರಾಮಯ್ಯ ಕೇಳಿದವನೇ ತಲೆ ಮೇಲೆ ಕೈ ಹೊತ್ತು ಕೂತ.

ಮಾರನೆಯ ಸಂಜೆ ತಾಯಿ ಮಗಳು ರಾಜೇಂದ್ರನನ್ನು ಕೇಳಿಯೇ ಬಿಡೋಣವೆಂದು ಜಿಮ್ಮಿಗೆ ಹೋದರು. ಅವನು ಇನ್ನೂ ಬಂದಿರಲಿಲ್ಲ. ಐದು ಹುಡುಗಿಯರು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು, ಚಿಕ್ಕವಳಿಗೆ ಹದಿಮೂರು. ರಮ್ಯ ಪಟ್ಟಿಯನ್ನು ಎತ್ತಿ ಹಿಡಿದಳು.

"ನಿಜ ಹೇಳ್ರೇ. ಇದನ್ನ ಇನ್ಯಾರ್ಯಾರು ತಗೋತಿದೀರಾ?"

ಮೂಲೆಯಲ್ಲಿ ಒಂದು ಕೈ ಎದ್ದಿತು. ಆಮೇಲೆ ಇನ್ನೆರಡು. ಆಮೇಲೆ ಇನ್ನೊಂದು. ಕೊನೆಗೆ ಹದಿಮೂರರ ಆ ಪುಟ್ಟ ಕೈಯೂ ಮೆಲ್ಲಗೆ ಮೇಲೆದ್ದಿತು.

ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮನೆಯಿಂದಲೂ ಮಕ್ಕಳು ಮೈದಾನಕ್ಕೆ, ಜಿಮ್ಮಿಗೆ ಹೋಗುತ್ತಾರಲ್ಲವೇ? ಇವತ್ತೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಏನು ತಿನ್ನುತ್ತಿದ್ದೀಯ, ಯಾರು ಕೊಟ್ಟರು? ಮಾತ್ರೆಯಾಗಲಿ, ಪುಡಿಯಾಗಲಿ, ಸೂಜಿಯಾಗಲಿ, ಡಾಕ್ಟರಿಗೆ ತೋರಿಸದೆ ಮೈಗೆ ಸೇರಿಸಬೇಡಿ. ಈಗಾಗಲೇ ಸೇರಿದ್ದರೆ ಮುಚ್ಚಿಡದೆ ಡಾಕ್ಟರ ಬಳಿ ಕರೆದೊಯ್ಯಿರಿ. ಬೈಯಬೇಡಿ, ಹೊಡೆಯಬೇಡಿ. ಹೆದರಿದ ಮಗು ನಿಮ್ಮಿಂದ ಬಚ್ಚಿಟ್ಟೀತು, ಅದರ ಮೈ ಮಾತ್ರ ಏನನ್ನೂ ಬಚ್ಚಿಡುವುದಿಲ್ಲ.