ಹೊಸ್ತಿಲಾಚೆಯ ಮೇಣದಬತ್ತಿ

ಎರ್ಮೆಲಿಂದಾಳಿಗೆ ಅನುಮಾನ ಎಂಬುದೇ ಇರಲಿಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ, ದೇಶದ ದಕ್ಷಿಣ ತುದಿಯ ಚಿಯಾಪಾಸ್‌ನ ಬೆಟ್ಟದೂರಿನಲ್ಲಿ, ನಾವೀಗ ಬೈಬಲ್ ಮಾತ್ರ ನಂಬುವ ಸಭೆಯವರು, ಊರ ಸಂತನ ಪ್ರತಿಮೆಗೆ ಮೇಣದಬತ್ತಿ ಹಚ್ಚುವುದಿಲ್ಲ ಎಂದಿದ್ದಕ್ಕೆ ಊರವರು ಅವಳ ಮನೆ ಕೆಡವಿ ಓಡಿಸಿದ್ದರು. ಅಂದು ಬೆನ್ನಿಗೆ ಕಟ್ಟಿಕೊಂಡು ನಡೆದ ಕೂಸೇ ನೊಯೆಮಿ.

ಆ ನೊಯೆಮಿ ಈಗ ದೇಶದ ಇನ್ನೊಂದು ತುದಿಯ ಗಡಿಯೂರು ತಿಹುವಾನಾದಲ್ಲಿ ಸಾಯುತ್ತಿದ್ದಳು. ಅವಳ ಜೊತೆಗಿದ್ದ ಯಾದೀರಾ ಎಂಬಾಕೆ ಫೋನು ಮಾಡಿ ಹೇಳಿದ್ದಳು. ಬೆಂಕಿ ಬೀಳಲು ತಕ್ಕ ಊರು ಅದು ಎಂದು ಸಭೆಯ ಪಾಸ್ಟರ್ ಎಚ್ಚರಿಸಿದ್ದ. ಮೂರು ದಿನದ ಬಸ್ಸಿನಲ್ಲಿ ಎರ್ಮೆಲಿಂದಾ ಪಾಪ ಹೆಚ್ಚಿತೆಂದು ದೇವರು ಬೆಂಕಿ ಸುರಿಸಿ ಸುಟ್ಟ ಸೊದೋಮ್ ಪಟ್ಟಣದ ಕಥೆಯನ್ನೇ ತಿರುತಿರುಗಿ ಓದಿದಳು. ಬಂದು ನೋಡಿದರೆ ಬೆಳಗಿನ ಹತ್ತು ಗಂಟೆ. ಪಾಪದ ಬೀದಿಯ ಹೆಂಗಸರು ಒಗೆದ ಬಟ್ಟೆ ಹರವುತ್ತಿದ್ದರು. ಒಬ್ಬಳು ಟೊಮೆಟೊ ಕೊಳೆತಿದೆ ಎಂದು ಗಾಡಿಯವನ ಮಾನ ಕಳೆಯುತ್ತಿದ್ದಳು.

ಯಾದೀರಾ ಬಾಗಿಲು ತೆಗೆದಳು. ನಡುವಯಸ್ಸು, ಕಣ್ಣಲ್ಲಿ ನಿನ್ನೆಯ ಕಾಡಿಗೆ. ಮಂಚಕ್ಕೆ ಪರದೆ ಎಳೆದಿತ್ತು. ಎದುರಿನ ಗೂಡಿನಲ್ಲಿ ಹಸಿರು ನಿಲುವಂಗಿಯ ಸಂತ ಹುದಾಸನ ಬೊಂಬೆ, ಅವನ ಮುಂದೆ ಉರಿಯುವ ಮೇಣದಬತ್ತಿ.

ಎರ್ಮೆಲಿಂದಾ ಹೊಸ್ತಿಲಲ್ಲೇ ನಿಂತಳು. "ಅದನ್ನ ಆರಿಸಿ, ಆ ಬೊಂಬೆ ಆಚೆಗಿಡಿ. ಆಮೇಲೆ ಬರ್ತೀನಿ."

"ನೊಯೆಮಿನೇ ಹಚ್ಚಿಸ್ಕೊಂಡಿದ್ದು ತಾಯಿ. ಆರಿದ್ರೆ ಹೆದರ್ಕೋತಾಳೆ."

"ವಿಗ್ರಹ ಇರೋ ಮನೇಲಿ ನಾನು ಕಾಲಿಡಲ್ಲ."

ಯಾದೀರಾ ನಕ್ಕುಬಿಟ್ಟಳು. "ಇಪ್ಪತ್ತು ವರ್ಷದಿಂದ ಈ ಬೀದೀಲಿದೀನಿ. ಒಳಗೆ ಬರೋಕೆ ಹೆದರೋರನ್ನ ಇವತ್ತೇ ನೋಡಿದ್ದು! ಬನ್ನಿ, ಸಂತ ಕಚ್ಚಲ್ಲ."

ಪರದೆಯ ಹಿಂದಿನಿಂದ ಸಣ್ಣ ದನಿ ಬಂತು. "ಯಾರೇ ಅದು? ಅಮ್ಮನಾ?"

"ನಾನೇ ಮಗಳೇ. ಆ ಬತ್ತಿ ಆರಿಸು ಅಂತ ಹೇಳು, ಈಗ್ಲೇ ಬಂದೆ."

ಕೆಮ್ಮು. ಬಹಳ ಹೊತ್ತು ಕೆಮ್ಮು. "ಇರ್ಲಿ ಬಿಡಮ್ಮಾ. ನೀನ್ ಬಾ."

ಎರ್ಮೆಲಿಂದಾ ಹೊಸ್ತಿಲ ಮೇಲೆ ಕುಳಿತಳು. ಈಗ ದಾಟಿದರೆ ಅಂದು ಮನೆ ಕೆಡವಿಸಿಕೊಂಡಿದ್ದು ಯಾತಕ್ಕೆ? ದೇವರು ಮಗಳ ಮನಸ್ಸು ತಿರುಗಿಸುತ್ತಾನೆ, ಅವಳೇ ಆರಿಸು ಎನ್ನುತ್ತಾಳೆ. ನೊಯೆಮಿಗೆ ಕೇಳಲೆಂದು, ಅವಳು ಚಿಕ್ಕಂದಿನಲ್ಲಿ ಸಭೆಯಲ್ಲಿ ಹಾಡುತ್ತಿದ್ದ ಕೀರ್ತನೆಗಳನ್ನು ಗಟ್ಟಿಯಾಗಿ ಹಾಡತೊಡಗಿದಳು.

ಬಿಸಿಲೇರಿತು. ಎದುರುಮನೆಯವಳು ಕುರ್ಚಿ ತಂದಿಟ್ಟಳು. ತುಟಿಗೆ ಬಣ್ಣ ಬಳಿದ ಇನ್ನೊಬ್ಬಳು ಕೊಡೆ ಬಿಚ್ಚಿ ಕೈಗೆ ಕೊಟ್ಟಳು. ಮತ್ತೊಬ್ಬಳು ಲೋಟ ಹಿಡಿದು ನಿಂತಳು. "ಕುಡೀರಮ್ಮ, ನೀರಿಗೇನೂ ಪಾಪ ಅಂಟಲ್ಲ."

ಹತ್ತು ಮಂದಿ ನೀತಿವಂತರು ಸಿಕ್ಕಿದರೆ ಸೊದೋಮನ್ನು ಉಳಿಸುತ್ತೇನೆ ಎಂದಿದ್ದ ದೇವರು. ತಾನು ಎಣಿಸುತ್ತಿರುವುದು ಎರ್ಮೆಲಿಂದಾಳಿಗೆ ಗೊತ್ತಾದದ್ದು ಮೂರಕ್ಕೆ ಬಂದಾಗ. ನಾಲ್ಕನೆಯವಳು ಮಗಳ ಬೆವರು ಒರೆಸುತ್ತ ಒಳಗಿದ್ದಳು. ಅವಳನ್ನು ಎಣಿಸಲು ಮನಸ್ಸು ಒಪ್ಪಲಿಲ್ಲ. ಮತ್ತಷ್ಟು ಗಟ್ಟಿಯಾಗಿ ಹಾಡಿದಳು.

ಒಳಗೆ ಕೆಮ್ಮು ನಿಂತಿತು. ನಿದ್ದೆ ಹತ್ತಿರಬೇಕೆಂದು ದನಿ ತಗ್ಗಿಸಿದಳು.

ಯಾದೀರಾ ಗೂಡಿನ ಹತ್ತಿರ ಬಂದು, ಬಗ್ಗಿ, ಉಫ್ ಎಂದು ಊದಿದಳು. "ಬನ್ನಿ. ಆರಿಸಿದೀನಿ. ಅವಳಿಗಿನ್ನು ಬೇಡ."

ಎರ್ಮೆಲಿಂದಾ ಎದ್ದು ಒಳಗೆ ನಡೆದಳು. ಮಂಚಕ್ಕೆ ಆರೇ ಹೆಜ್ಜೆ.

ಬೆಟ್ಟದೂರಿನಲ್ಲಿ ಮೇಣದಬತ್ತಿಯ ದೆಸೆಯಿಂದ ಹೋಗಿದ್ದು ಒಂದು ಮನೆ. ಇಲ್ಲಿ ಹೋಗಿದ್ದು ಒಂದು ಗಂಟೆ ಹತ್ತು ನಿಮಿಷ, ಒಬ್ಬಳು ಮಗಳು.