ಔಷಧ ನುಂಗಿದ ಮೇಲೆ ಹೇಳುವ ಮಾತು

ಟೈಲರ್ ಅಕ್ಕನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅಳತೆ ತೆಗೆಯುತ್ತಲೇ ಎದುರು ನಿಂತವರ ಜನ್ಮ ಜಾಲಾಡಿಬಿಡುತ್ತಿದ್ದಳು. ಆ ಬಾಯಿಗೆ ಎಲ್ಲರಿಗಿಂತ ಹೆಚ್ಚು ಸಿಕ್ಕವನು ಒಡಹುಟ್ಟಿದ ತಮ್ಮ.

ತಮ್ಮ ಗೋಡೆಗೆ ಬಣ್ಣ ಬಳಿಯುವವನು. ಮೂರು ವರ್ಷದ ಹಿಂದೆ ಏಣಿಯಿಂದ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡ. ನೋವಿಗೆಂದು ತಿಂದ ಮಾತ್ರೆ ಚಟವಾಯಿತು. ಮಾತ್ರೆ ಸಾಲದೆ ಸೂಜಿಯೂ ಬಂತು. ಅದನ್ನೆಲ್ಲ ಬಿಟ್ಟು ಈಗ ಐದು ತಿಂಗಳು. ದಿನಾ ಬೆಳಿಗ್ಗೆ ಚಿಕಿತ್ಸಾ ಕೇಂದ್ರಕ್ಕೆ ಹೋಗಿ, ಮೆಥಡೋನ್ ಎಂಬ ಔಷಧ ಕುಡಿದು, ಅಲ್ಲಿಂದ ನೇರವಾಗಿ ಕೆಲಸಕ್ಕೆ ಹೋಗುತ್ತಿದ್ದ.

ಅಂಥವನು ಎರಡು ದಿನದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಮೈಯೆಲ್ಲ ಬೆವರು, ಸೋರುವ ಮೂಗು, ಕಾಲು ಸೆಳೆತ. ಹೊಲಿಯಲು ಕೊಟ್ಟಿದ್ದ ಸಮವಸ್ತ್ರ ಒಯ್ಯಲು ಬಂದ ಪಕ್ಕದ ಮನೆಯ ನರ್ಸಮ್ಮ ಅವನನ್ನು ನೋಡಿ ಬಾಗಿಲಲ್ಲೇ ನಿಂತಳು.

"ಏನಪ್ಪಾ, ಔಷಧಕ್ಕೆ ಹೋಗಲಿಲ್ವಾ?"

"ಇನ್ನು ಹೋಗಲ್ಲ ನರ್ಸಮ್ಮ."

"ಒಳ್ಳೇದೇ ಆಯ್ತು ಬಿಡಿ," ಎಂದಳು ಅಕ್ಕ ಹೊಲಿಗೆ ಯಂತ್ರ ತುಳಿಯುತ್ತಲೇ. "ಒಂದು ಅಮಲು ಬಿಟ್ಟು ಇನ್ನೊಂದು ಅಮಲು ಹಿಡಿದ ಹಾಗೆ. ಅದೆಂಥ ಔಷಧವೋ ಏನೋ."

"ಸಕ್ಕರೆ ಕಾಯಿಲೆಯವರು ದಿನಾ ಔಷಧ ತಗೊಂಡ್ರೆ ಅದನ್ನ ಚಟ ಅಂತೀಯಾ ಅಕ್ಕ? ಇದೂ ಹಾಗೇ. ಡಾಕ್ಟರು ಹೇಳಿದಷ್ಟೇ ತಗೊಂಡ್ರೆ ಅಮಲು ಏರಿಸಲ್ಲ. ಮೈಯ ನಡುಕ, ಮತ್ತೆ ಬೇಕು ಅನ್ನೋ ತವಕ, ಎರಡನ್ನೂ ಹಿಡಿದಿಡುತ್ತೆ. ಈಗ ಬಿಟ್ಟ ಅಂದ್ರೆ ಸಂಕಟ ತಡೆಯೋಕಾಗದೆ ಮತ್ತೆ ಸೂಜಿ ಹುಡುಕ್ತಾನೆ. ಮೈಗೆ ಮೊದಲಿನ ಹಾಗೆ ತಡಕೊಳ್ಳೋ ಶಕ್ತಿ ಇರಲ್ಲ. ಹಳೇ ಅಳತೆಯಲ್ಲಿ ಚುಚ್ಚಿಕೊಂಡ್ರೆ ಉಸಿರೇ ನಿಂತುಹೋಗುತ್ತೆ. ಹೀಗೆ ಹೋದ ಇಬ್ಬರನ್ನ ನಾನು ಕಣ್ಣಾರೆ ನೋಡಿದ್ದೀನಿ."

ಹೊಲಿಗೆ ಯಂತ್ರ ನಿಂತಿತು. ಅಕ್ಕ ಎದ್ದು ಹಾಸಿಗೆಯ ಹತ್ತಿರ ಬಂದಳು.

"ಯಾಕೋ ಹೋಗಲಿಲ್ಲ? ಬಾಯಿ ಬಿಡೋ," ಎಂದಳು.

ಅವನು ಗೋಡೆ ಕಡೆ ತಿರುಗಿಕೊಂಡೇ ಹೇಳಿದ. "ಔಷಧ ಕುಡಿದ ಮೇಲೆ ನೀರು ಕುಡಿದು ಏನಾದ್ರೂ ಮಾತಾಡಬೇಕು. ಬಾಯಲ್ಲೇ ಇಟ್ಕೊಂಡು ಹೊರಗೆ ಮಾರೋಕೆ ಒಯ್ತಿಲ್ಲ ಅಂತ ಗೊತ್ತಾಗೋಕೆ. ಅದು ಸರಿ. ಆದ್ರೆ ಕಿಟಕಿಯಲ್ಲಿ ಕೂತು ಔಷಧ ಕೊಡೋನು 'ನನಗೆ ಮಾನ ಇಲ್ಲ' ಅಂತ ಹೇಳಿಸ್ತಾನೆ. ಸಾಲಲ್ಲಿರೋ ಪ್ರತಿಯೊಬ್ಬರ ಕೈಲೂ, ಎಲ್ಲರ ಮುಂದೆ. ಮೆಲ್ಲಗೆ ಹೇಳಿದ್ರೆ, ಕೇಳಿಸಲಿಲ್ಲ, ಇನ್ನೊಂದ್ಸಲ ಅಂತಾನೆ. ಮೊನ್ನೆ ಸಂಜೆ ಕೆಲಸದ ಜಾಗದಲ್ಲೂ ಅದೇ ಮಾತು ಬಾಯಿಗೆ ಬಂತು. ನಂದೇ ಮಾತು ಅನ್ನೋ ಹಾಗೆ. ಅವತ್ತೇ ಸಾಕು ಅನ್ನಿಸ್ತು."

ಐದು ತಿಂಗಳೆಂದರೆ ನೂರೈವತ್ತು ಬೆಳಿಗ್ಗೆ. ಅಕ್ಕ ದಂಗಾದಳು. ಯಾರಾದರೂ ಒಂದು ದಿನ ತನಗೆ ಹಾಗೆ ಅಂದಿದ್ದರೆ ಅವರ ಮನೆ ಮುಂದೆ ಊರನ್ನೇ ಸೇರಿಸುತ್ತಿದ್ದಳು. ಕೈಲಾಗದವನು, ಗಟ್ಟಿ ಮನಸ್ಸಿಲ್ಲದವನು ಎಂದು ತಾನು ಬೈದ ಈ ತಮ್ಮ ಆ ಮಾತನ್ನೂ ಔಷಧದ ಜೊತೆ ನುಂಗಿಕೊಂಡು ಮರುದಿನ ಮತ್ತೆ ಹೋಗಿದ್ದಾನೆ. ಬದುಕಬೇಕೆಂಬ ಇಷ್ಟು ಹಟ ಇವನಲ್ಲಿ ಎಲ್ಲಿತ್ತು?

"ಮಾತಾಡಬೇಕು ಅನ್ನೋದು ನಿಯಮ. ಇಂಥದ್ದೇ ಮಾತಾಡಬೇಕು ಅಂತ ಎಲ್ಲೂ ಇಲ್ಲ," ಎಂದಳು ನರ್ಸಮ್ಮ. "ನಾಳೆಯೇ ಹೋಗು. ಇನ್ನೂ ತಡ ಮಾಡಿದ್ರೆ ಔಷಧ ಕಡಿಮೆ ಮಾಡಿ ಮತ್ತೆ ಮೊದಲಿಂದ ಏರಿಸಬೇಕಾಗಬಹುದು. ಎರಡು ದಿನ ತಪ್ಪಿಸಿದ್ದನ್ನ ಡಾಕ್ಟರ ಹತ್ರ ಮುಚ್ಚಿಡಬೇಡ. ಕಿಟಕಿಯವನ ಜೊತೆ ಜಗಳಕ್ಕೆ ಇಳಿಯಬೇಡ. ಅವನು ಏನಂದ, ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲ ಬರೆದು ಕೇಂದ್ರದ ಮುಖ್ಯಸ್ಥರಿಗೆ ಕೊಡು. ದೂರು ಕೊಟ್ಟೆ ಅಂತ ನಿನ್ನ ಔಷಧ ನಿಲ್ಲಿಸೋದು ತಪ್ಪು."

ಮರುದಿನ ಬೆಳಿಗ್ಗೆ ಅಕ್ಕ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೊರಟಳು. ದಾರಿಯಲ್ಲಿ ತಮ್ಮ ಒಂದೇ ಮಾತು ಹೇಳಿದ. "ಅಲ್ಲಿ ನೀನು ಬಾಯಿ ಬಿಡಬೇಡ ಅಕ್ಕ. ನಾನೇ ಮಾತಾಡ್ತೀನಿ."

ಡಾಕ್ಟರು ಪರೀಕ್ಷೆ ಮಾಡಿ ಚೀಟಿ ಬರೆದುಕೊಟ್ಟರು. ಕಿಟಕಿಯ ಮುಂದೆ ಹದಿನೈದು ಜನರ ಸಾಲು. ಬಸ್ ಡ್ರೈವರ್, ತರಕಾರಿ ಮಾರುವ ಅಜ್ಜಿ, ಮಗು ಎತ್ತಿಕೊಂಡ ತಾಯಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮೇಷ್ಟ್ರು. ಅಮಲಿನವರೆಂದರೆ ಹೇಗಿರುತ್ತಾರೋ ಎಂದುಕೊಂಡಿದ್ದ ಅಕ್ಕನಿಗೆ ತನ್ನ ಅಂಗಡಿಗೆ ಬರುವ ಜನರೇ ಕಂಡರು.

"ಬಂದ್ಯಾ? ಎರಡು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದ ಕಿಟಕಿಯವನು. "ಕುಡಿ. ಹೂಂ, ಹೇಳು."

ತಮ್ಮ ಔಷಧ ಕುಡಿದ, ನೀರು ಕುಡಿದ. "ನಾನು ಬಣ್ಣ ಬಳಿಯೋನು. ಔಷಧ ನುಂಗಿದ್ದೀನಿ."

"ಅದಲ್ಲ ಹೇಳಬೇಕಾಗಿದ್ದು."

"ಅಷ್ಟೇ ಹೇಳೋದು ಸರ್."

ಅವನು ಖಾಲಿ ಲೋಟ ಕಿಟಕಿಯಲ್ಲಿಟ್ಟು ಪಕ್ಕಕ್ಕೆ ಸರಿದ. ಅಕ್ಕ ಹಲ್ಲು ಕಚ್ಚಿ ನಿಂತಿದ್ದಳು. ಅಷ್ಟರಲ್ಲಿ ಹಿಂದಿದ್ದ ಅಜ್ಜಿ ಮುಂದೆ ಬಂದು ಔಷಧ ಕುಡಿದಳು. "ತರಕಾರಿ ಮಾರೋಳು. ನುಂಗಿದ್ದೀನಿ," ಎಂದಳು. ಆಮೇಲೆ ಡ್ರೈವರ್. "ಬಸ್ ಓಡಿಸೋನು. ನುಂಗಿದ್ದೀನಿ." ಮೇಷ್ಟ್ರು, ತಾಯಿ, ಒಬ್ಬೊಬ್ಬರಾಗಿ ಎಲ್ಲರೂ. ಯಾರೂ ದನಿ ಏರಿಸಲಿಲ್ಲ. ಅಕ್ಕನ ಮೈ ಜುಮ್ಮೆಂದಿತು. ಇಂಥದ್ದನ್ನು ಅವಳು ಈ ಜನ್ಮದಲ್ಲಿ ಕಂಡಿರಲಿಲ್ಲ. ಕಣ್ಣು ತುಂಬಿ ಬಂತು.

ಅಲ್ಲೇ ಬೆಂಚಿನ ಮೇಲೆ ಕೂತು ಮೇಷ್ಟ್ರು ದೂರು ಬರೆದರು. ಎಲ್ಲರೂ ಸಹಿ ಹಾಕಿದರು, ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಮುಖ್ಯಸ್ಥರು ಓದಿ ಕಿಟಕಿಯವನನ್ನು ಕರೆಸಿದರು.

"ನಾಚಿಕೆಯಾಗಿಯಾದ್ರೂ ಬೇಗ ಚಟ ಬಿಡಲಿ ಅಂತ ಹೇಳಿಸ್ತಿದ್ದೆ ಸರ್," ಎಂದ ಅವನು.

ಅಲ್ಲಿಯವರೆಗೆ ತಡೆದುಕೊಂಡಿದ್ದ ಅಕ್ಕ ತಮ್ಮನ ಮುಖ ನೋಡಿದಳು. ಅವನು ತಲೆಯಾಡಿಸಿದ.

"ನಾಚಿಕೆಯಿಂದ ಬಿಡೋ ಹಾಗಿದ್ರೆ ನನ್ನ ತಮ್ಮ ಎಂದೋ ಬಿಡ್ತಿದ್ದ ಕಣಪ್ಪ," ಎಂದಳು ಮೆತ್ತಗೆ. "ಮೂರು ವರ್ಷ ನಾನೂ ಅದನ್ನೇ ಮಾಡಿದೆ. ನಿನಗಿಂತ ಚೆನ್ನಾಗಿ ಮಾಡಿದೆ. ಅದರಿಂದ ಅವನು ಒಂದು ದಿನವೂ ಬಿಡಲಿಲ್ಲ. ಬಿಡಿಸಿದ್ದು ಈ ಔಷಧ. ಅದನ್ನೂ ನಾವಿಬ್ಬರೂ ಸೇರಿ ತಪ್ಪಿಸ್ತಿದ್ವಿ."

ಕಿಟಕಿಯವನು ತಲೆ ತಗ್ಗಿಸಿದ. ಮುಖ್ಯಸ್ಥರು ಅಂದೇ ಅವನ ಜಾಗಕ್ಕೆ ಬೇರೊಬ್ಬರನ್ನು ಕೂರಿಸಿದರು.

ಓದುವವರೇ, ನಿಮ್ಮ ಮನೆಯಲ್ಲೂ ಇಂಥ ಚಿಕಿತ್ಸೆಯಲ್ಲಿ ಇರುವವರು ಇರಬಹುದು. ಯಾರೋ ಆಡಿದ ಮಾತಿಗೆ ಔಷಧ ಬಿಡಲು ಬಿಡಬೇಡಿ. ಅವಮಾನವಾದರೆ ಬರೆದು ದೂರು ಕೊಡಿ, ಒಬ್ಬರ ಬದಲು ನಾಲ್ಕು ಜನ ಸೇರಿ ಕೊಡಿ. ಕಿಟಕಿಯ ಒಳಗೆ ಕೂತವರು ಇದನ್ನು ಓದುತ್ತಿದ್ದರೆ, ಎದುರಿಗಿರುವವರು ಅಲ್ಲಿಗೆ ಬರಲು ಏನನ್ನೆಲ್ಲ ದಾಟಿ ಬಂದಿದ್ದಾರೆಂದು ಒಂದು ಗಳಿಗೆ ಯೋಚಿಸಿ. ಮನೆಯವರು ಒಂದು ಬೆಳಿಗ್ಗೆಯಾದರೂ ಜೊತೆಗೆ ಹೋಗಿ ಆ ಸಾಲಿನಲ್ಲಿ ನಿಲ್ಲಿ. ನಿಂತು ಬಂದ ಮೇಲೆ ಅವರನ್ನು ಬೈಯಲು ನಿಮಗೆ ಬಾಯಿ ಬರುವುದಿಲ್ಲ.