ಹನ್ನೊಂದು ಹೆಂಗಸರ ಹ್ಹಾ!

ನನ್ನ ತಮ್ಮ ಶೌಕಿ ಫಗ್ಗಾಲಾ ಬೀದಿಯಲ್ಲಿ ಕಮೋಡು ಮಾರುತ್ತಾನೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕಿಸಕ್ಕೆನ್ನಬಾರದು. ಅವನ ಸಾಮಾನಿನ ಮೇಲೆ ಅರ್ಧ ಕೈರೋ ದಿನಾ ಬೆಳಿಗ್ಗೆ ಕೂರುತ್ತದೆ. ಅವನಿಗೆ ಒಬ್ಬಳೇ ಮಗಳು, ಮಯಾದಾ. ತಾಯಿಯಿಲ್ಲದ ಹುಡುಗಿ, ನನ್ನ ಕೈಯಲ್ಲೇ ಬೆಳೆದವಳು. ಅವಳು ವಿಡಿಯೊ ಕಲಾವಿದೆ. ಹಾಗೆಂದರೆ ಸಿನಿಮಾ ಅಲ್ಲ, ಸೀರಿಯಲ್ಲೂ ಅಲ್ಲ. ಹೋದ ವರ್ಷ ಗೋಡೆಯ ಮೇಲೆ ಒಂದು ಗಂಟೆ ಹೊತ್ತು ಫ್ಯಾನ್ ತಿರುಗುವುದನ್ನು ತೋರಿಸಿದಳು. ನೋಡಲು ಏಳು ಜನ ಬಂದಿದ್ದರು, ಅದರಲ್ಲಿ ನಾಲ್ವರು ನಮ್ಮ ಕಟ್ಟಡದವರೇ.

ಫ್ಯಾನು ನೋಡಿದ ಮೇಲೆ ಶೌಕಿ ಗಡುವು ಕೊಟ್ಟ.

"ಇನ್ನೊಂದೇ ಒಂದು ಪ್ರದರ್ಶನ ಮಾಡ್ಕೋ. ಹೊರಗಿನೋರು ಯಾರಾದ್ರೂ ಮೆಚ್ಚಿ ಕರೆದ್ರೆ ಸರಿ. ಇಲ್ಲಾಂದ್ರೆ ಅದು ಮುಗಿದ ಶನಿವಾರದಿಂದ ಅಂಗಡಿ ಗಲ್ಲಾದಲ್ಲಿ ಕೂತ್ಕೋಬೇಕು, ಅಷ್ಟೇ."

"ಕೂತ್ಕೋತೀನಿ ಅಪ್ಪ," ಎಂದಳು ಮಯಾದಾ. ಹುಡುಗಿ ಅಳಲಿಲ್ಲ. ಅತ್ತವಳು ನಾನು.

ಈ ಸಲ ಅವಳು ಹಿಡಿದದ್ದು ನಮ್ಮ ಮುಲೂಖಿಯಾ ಸೊಪ್ಪಿನ ಸಾರನ್ನು. ಆ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಸುರಿಯುವಾಗ ಅಡಿಗೆಯವಳು ಹೆದರಿದವಳಂತೆ "ಹ್ಹಾ!" ಎಂದು ಉಸಿರು ಎಳೆದುಕೊಳ್ಳಲೇಬೇಕು. ಎಳೆಯದಿದ್ದರೆ ಸಾರು ಕೆಡುತ್ತದೆ. ಯಾಕೆ ಎಂದು ಕೇಳಬೇಡಿ, ನಮ್ಮಜ್ಜಿಯನ್ನು ಯಾರೂ ಕೇಳಿರಲಿಲ್ಲ. ಶುಬ್ರಾ ಬಡಾವಣೆಯ ನಮ್ಮ ಕಟ್ಟಡದ ಹನ್ನೊಂದು ಹೆಂಗಸರು ಹಾಗೆ ಉಸಿರೆಳೆಯುವುದನ್ನು ಮಯಾದಾ ಚಿತ್ರೀಕರಿಸಿದಳು. ಹನ್ನೊಂದು ಪರದೆ, ಮಧ್ಯದಲ್ಲೊಂದು ತಾಮ್ರದ ಪಾತ್ರೆ. ಪಾತ್ರೆಯ ಅಂಚಿನಲ್ಲಿ ವಾಸನೆ ಹಿಡಿಯುವ ಒಂದು ಪುಟ್ಟ ಯಂತ್ರ. ಅದಕ್ಕೆ ಬೆಳ್ಳುಳ್ಳಿ ವಾಸನೆ ತಾಗಿದರೆ ಸಾಕು, ಹನ್ನೊಂದು ಜನವೂ ಒಟ್ಟಿಗೆ "ಹ್ಹಾ!"

ಬರಿ ಪಾತ್ರೆ ಎದುರು ನಟಿಸಿದರೆ ಸಾಲದೇ ಎಂದಳು. ನಾನು ಬೈದೆ. ಸಾರಿಲ್ಲದೆ ಉಸಿರೆಳೆಯುವುದಕ್ಕೆ ನಮಗೇನು ಉಬ್ಬಸವೇ? ಹಾಗಾಗಿ ಹನ್ನೊಂದು ದಿನ, ಹನ್ನೊಂದು ಪಾತ್ರೆ ಮುಲೂಖಿಯಾ. ಎಲ್ಲವನ್ನೂ ತಿಂದವರು ನಾವು ಮೂವರೇ. ಎಂಟನೆಯ ದಿನ ಶೌಕಿ ತಟ್ಟೆ ನೋಡಿ ಕಣ್ಣೀರು ಹಾಕಿದ.

ಪ್ರದರ್ಶನದ ಸಂಜೆ ತೂನಿಸ್‌ನಿಂದ ಸುಹೈಲಾ ಎಂಬಾಕೆ ಬಂದಿದ್ದರು. ಮೂರು ಊರುಗಳಿಗೆ ಕಲಾಕೃತಿ ಆರಿಸಿ ಒಯ್ಯುವವರು ಅವರೇ. ಒಗ್ಗರಣೆ ತರುವ ಕೆಲಸ ನನ್ನದು. ಮನೆಯಲ್ಲಿ ತುಪ್ಪದಲ್ಲಿ ಬೆಳ್ಳುಳ್ಳಿ ಹುರಿದು ಡಬ್ಬಿಗೆ ಹಾಕಿ ಟ್ಯಾಕ್ಸಿ ಹತ್ತಿದೆ. ಡ್ರೈವರ್ ಮಹಾಶಯ ತನ್ನ ಅತ್ತೆಯ ಮುಲೂಖಿಯಾಕ್ಕೆ ಸಮ ಇನ್ನೊಂದಿಲ್ಲ ಎಂದ. ಸುಮ್ಮನಿರಲು ನನ್ನಿಂದಾಗುತ್ತದೆಯೇ? ಪ್ರದರ್ಶನದ ಬಾಗಿಲ ಮುಂದೆ ಗಾಡಿ ನಿಲ್ಲಿಸಿಕೊಂಡೇ ಅರ್ಧ ಗಂಟೆ ವಾದ ಮಾಡಿದೆ. ಗೆದ್ದೆ ಕೂಡ.

ಏಳು ಗಂಟೆಗೆ ಮಯಾದಾ ಡಬ್ಬಿ ತೆರೆದು ಪಾತ್ರೆಗೆ ಬಗ್ಗಿಸಿದಳು. ಅಷ್ಟರಲ್ಲಿ ಚಳಿಗೆ ತುಪ್ಪ ಹೆಪ್ಪುಗಟ್ಟಿತ್ತು. ಬೆಳ್ಳುಳ್ಳಿ ಅದರೊಳಗೆ ಹೂತುಹೋಗಿತ್ತು, ವಾಸನೆಯ ಸುಳಿವಿಲ್ಲ. ಪರದೆಗಳ ಮೇಲಿನ ಹನ್ನೊಂದು ಹೆಂಗಸರು ಬಾಯಿ ಮುಚ್ಚಿಕೊಂಡು ನಮ್ಮನ್ನೇ ನೋಡಿದರು. ಅವರಲ್ಲಿ ನಾನೂ ಒಬ್ಬಳು, ನನ್ನನ್ನು ನಾನೇ ದುರುಗುಟ್ಟಿ ನೋಡುತ್ತಿದ್ದೆ.

"ಬಿಸಿ ಮಾಡ್ಕೊಂಡು ಬರ್ಲೇನೇ?" ಎಂದು ಪಿಸುಗುಟ್ಟಿದೆ.

"ಇಲ್ಲಿ ಒಲೆ ಎಲ್ಲಿದೆ ಅತ್ತೆ?" ಅವಳ ಮುಖ ಬಿಳಿಚಿಕೊಂಡಿತ್ತು. ಸುಹೈಲಾ ಗಡಿಯಾರ ನೋಡಿದರು. ನನ್ನ ನಾಲಿಗೆಗೆ ಬೆಂಕಿ ಬೀಳಲಿ, ಹುಡುಗಿಯನ್ನು ಕಮೋಡುಗಳ ನಡುವೆ ಕೂರಿಸಿದವಳು ನಾನೇ ಎಂದು ಸಂಕಟವಾಯಿತು.

ಆಗ ಬಂದ ಶೌಕಿ. ಅಂಗಡಿ ಮುಚ್ಚಿ ಬರುವ ದಾರಿಯಲ್ಲಿ ಬೆಳ್ಳುಳ್ಳಿ ಹಾಕಿ ಹುರಿದ ಕುರಿ ಈಲಿ ತುಂಬಿದ ಬ್ರೆಡ್ಡು ನಾಲ್ಕು ತಿಂದಿದ್ದನಂತೆ. ಮುಲೂಖಿಯಾ ಅಲ್ಲದ್ದು ಏನಾದರೂ ಸರಿ ಎಂಬಂತಾಗಿತ್ತು ಅವನಿಗೆ. ಎಲ್ಲರೂ ಪೆಚ್ಚಾಗಿ ನಿಂತದ್ದನ್ನು ಕಂಡು, ಚರಂಡಿ ಕಟ್ಟಿಕೊಂಡಿದೆಯೇನೋ ಎಂಬಂತೆ ಪಾತ್ರೆಯ ಮೇಲೆ ಬಗ್ಗಿದ.

"ಏನಾಯ್ತು, ಕೆಟ್ಟೋಯ್ತಾ?"

"ಹ್ಹಾ!" ಎಂದರು ಹನ್ನೊಂದು ಹೆಂಗಸರು.

ಶೌಕಿ ಎದೆ ಹಿಡಿದುಕೊಂಡ. "ಯಾರದು? ನಾನೇನ್ ಮಾಡ್ದೆ?"

"ಹ್ಹಾ!"

"ಅಕ್ಕಾ, ನೀನೂ ಸೇರ್ಕೊಂಡಿದೀಯಾ? ಹೆಂಗಸರ ತಂಟೆಗೆ ಹೋದೋನಲ್ಲ ನಾನು!"

"ಹ್ಹಾ!"

ಜನ ಬಿದ್ದು ಬಿದ್ದು ನಕ್ಕರು. ಶೌಕಿಯ ಕಿವಿ ಕೆಂಪಾಯಿತು. ಹೊರಟೇಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು. ಅವನು ಪಾತ್ರೆ ನೋಡಿದ, ಪರದೆ ನೋಡಿದ, ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿಕೊಂಡ. ಮೂವತ್ತು ವರ್ಷ ಗಿರಾಕಿಗಳನ್ನು ಕಂಡವನು, ಗುಟ್ಟು ತಿಳಿಯದೇ ಇರುತ್ತದೆಯೇ? ಮೆಲ್ಲಗೆ ಮತ್ತೆ ಬಗ್ಗಿದ.

"ಇಟಲಿ ಮಾಲು. ಒಡೆಯಲ್ಲ, ಸೀಳಲ್ಲ. ಒಂಬತ್ತು ಸಾವಿರ ಪೌಂಡ್!"

"ಹ್ಹಾ!"

"ನಿಮಗೆ ಅಂತ ಎಂಟೂವರೆ!"

"ಹ್ಹಾ!"

ಸುಹೈಲಾ ಕಣ್ಣೊರೆಸಿಕೊಳ್ಳುತ್ತ ಮಯಾದಾಳ ಬಳಿ ಬಂದರು. "ಇದನ್ನ ಮೂರೂ ಊರಿಗೆ ಕರೆಸ್ಕೋತೀವಿ. ಆ ನಟರೂ ಬರ್ತಾರೆ ತಾನೇ?"

ಮಯಾದಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅವರು ನಟರಲ್ಲ ಮೇಡಂ, ನಮ್ಮಪ್ಪ. ಇವತ್ತು ಅವರು ಬಾಯಿ ತೆಗೀದಿದ್ರೆ ಇದು ನಡೀತಾನೇ ಇರ್ಲಿಲ್ಲ."

"ಹಾಗಾದ್ರೆ ನಿಮ್ಮಪ್ಪನೇ ಬರ್ಲಿ," ಎಂದರು ಸುಹೈಲಾ.

ಶೌಕಿ ತಬ್ಬಿಬ್ಬಾದ. "ನಾನಾ? ಅಂಗಡಿ ಯಾರು ನೋಡ್ಕೋತಾರೆ?"

"ನಾನು ನೋಡ್ಕೋತೀನಿ ಕಣೋ," ಎಂದೆ. "ಅರವತ್ತೆರಡು ವರ್ಷದಿಂದ ಕಮೋಡಿನ ಮೇಲೆ ಕೂತ್ಕೊಂಡು ಬಂದಿದೀನಿ, ಮಾರೋಕೆ ಬರಲ್ವಾ?"

ಜನ ಚದುರಿದ ಮೇಲೆ ಮಯಾದಾ ತಂತಿಗಳನ್ನು ಬಿಚ್ಚುತ್ತಿದ್ದಳು. ಶೌಕಿ ಅವಳ ಹಿಂದೆ ಬಂದು ನಿಂತ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಯಾರ ಬಳಿಯೂ ಯಾವತ್ತೂ ಏನನ್ನೂ ಕೇಳಿದವನಲ್ಲ ನನ್ನ ತಮ್ಮ.

"ಮಯಾದಾ," ಎಂದ, ತಗ್ಗಿದ ದನಿಯಲ್ಲಿ. "ನಾನು... ಚೆನ್ನಾಗಿ ಮಾಡಿದ್ನಾ?"

ಅವಳು ತಂತಿಯನ್ನು ಕೆಳಗಿಟ್ಟು ಅವನ ಮುಖ ನೋಡಿದಳು. "ಚೆನ್ನಾಗೇ ಮಾಡ್ದೆ ಅಪ್ಪ. ಆದ್ರೆ ಆತುರ ಜಾಸ್ತಿ. ಒಂದು ಮಾತು ಆದ್ಮೇಲೆ ಸ್ವಲ್ಪ ನಿಲ್ಲು, ಅವರು ಉಸಿರೆಳೆದು ಮುಗಿಸಲಿ."

"ಹೂಂ, ನಿಲ್ತೀನಿ," ಎಂದ ಶೌಕಿ. "ಇನ್ನೊಂದ್ಸಲ ಮಾಡಿ ತೋರಿಸ್ಲಾ?"

ಅವಳು ಬಿಚ್ಚಿದ್ದ ತಂತಿಗಳನ್ನೆಲ್ಲ ಮತ್ತೆ ಜೋಡಿಸಿದಳು.